ಹೊಗಳಿಕೆ ಬೇಡ ಅನ್ನುವಾಗ

ಸ್ನೇಹಿತರೇ, ನಮಸ್ಕಾರ.

ಗಾದೆ ಕೇಳಿದ ಕೂಡಲೇ ನಮಗೆ ಯಾರದ್ದೋ ಮುಖ ನೆನಪಾಗುತ್ತದೆ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ" ಅಂದರೆ ಸಾಕು, ಆ ಕೊಡೆ ಹಿಡಿದವರು ಯಾರು ಅಂತ ಥಟ್ಟನೆ ಹೊಳೆಯುತ್ತದೆ. "ಕುಣಿಯಲಾರದವಳು ನೆಲ ಡೊಂಕು" ಅಂದರೂ ಅಷ್ಟೇ. ಆ ಮುಖ ನಮ್ಮದೇ ಆಗಿರುವುದು ತೀರಾ ಅಪರೂಪ, ಅಲ್ವಾ?

ನನಗೆ ಒಮ್ಮೆ ಹಾಗಾಯಿತು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಸಭೆಯಲ್ಲಿ ಮಾತಾಡಿ ವೇದಿಕೆ ಇಳಿದೆ. ಹಿರಿಯರೊಬ್ಬರು ಬಂದು ಕೈ ಹಿಡಿದು, "ಬಹಳ ಚೆನ್ನಾಗಿ ಮಾತಾಡಿದಿರಿ" ಅಂದರು. ನಾನು, "ಅಯ್ಯೋ, ಅಂಥದ್ದೇನಿಲ್ಲ ಬಿಡಿ" ಅಂದೆ. ಅವರು ಸರಿ ಅನ್ನುವ ಹಾಗೆ ತಲೆಯಾಡಿಸಿ ಹೊರಟುಹೋದರು. ಮನೆಗೆ ಬಂದರೂ ಏನೋ ಕಸಿವಿಸಿ. ಊಟ ಸೇರಲಿಲ್ಲ. ಮಲಗಿದ ಮೇಲೆ ಗೊತ್ತಾಯಿತು. "ಇಲ್ಲ ಇಲ್ಲ, ನಿಜವಾಗಿಯೂ ಚೆನ್ನಾಗಿತ್ತು" ಅಂತ ಅವರು ಇನ್ನೊಮ್ಮೆ ಹೇಳಲಿ ಎಂದು ನಾನು ಕಾದಿದ್ದೆ.

ಫ್ರಾನ್ಸಿನ ಬರಹಗಾರ ಲಾ ರೋಶ್‌ಫುಕೋ ಇದನ್ನು ಮೂರು ಶತಮಾನಕ್ಕೂ ಹಿಂದೆಯೇ ಕಂಡುಕೊಂಡಿದ್ದರು. 1613ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ಅರಮನೆಯ ಒಳಸಂಚು, ದಂಗೆ ಎಲ್ಲ ನೋಡಿದವರು. 1652ರ ಕಾಳಗದಲ್ಲಿ ಮುಖಕ್ಕೆ ಗುಂಡು ತಗುಲಿ ಕಣ್ಣೇ ಹೋಗುವ ಹಾಗಾಗಿತ್ತು. ಆಮೇಲೆ ಪುಟ್ಟ ಪುಟ್ಟ ಸೂಕ್ತಿಗಳನ್ನು ಬರೆದರು. 1665ರಿಂದ 1678ರವರೆಗೆ ತಿದ್ದಿ ತಿದ್ದಿ ಐದು ಆವೃತ್ತಿ ತಂದರು. ಅವರ ಒಂದು ಮಾತು ಹೀಗಿದೆ: ಹೊಗಳಿಕೆ ಬೇಡ ಅನ್ನುವುದು ಎರಡು ಸಲ ಹೊಗಳಿಸಿಕೊಳ್ಳುವ ಆಸೆ. ಇದನ್ನು ಓದಿದಾಗ ನನಗೆ ಆ ರಾತ್ರಿಯೇ ಎದುರು ಬಂದು ನಿಂತ ಹಾಗಾಯಿತು.

ಅವರನ್ನು ಕಹಿ ಮನುಷ್ಯ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ನಮ್ಮ ಒಳ್ಳೆಯ ಗುಣಗಳು ವೇಷ ಹಾಕಿದ ಕೆಟ್ಟ ಗುಣಗಳು ಅಂತ ಅವರು ಬರೆದದ್ದು ನಿಜ. ಆದರೆ ಅಲ್ಲಿ "ಹೆಚ್ಚಾಗಿ" ಅನ್ನುವ ಒಂದು ಪದ ಇದೆ. ಯಾವಾಗಲೂ ಅಂತಿಲ್ಲ. ಆ ಒಂದು ಪದದಲ್ಲಿ ಮನುಷ್ಯನ ಮೇಲಿನ ನಂಬಿಕೆ ಉಳಿದಿದೆ. ಕಪಟ ಅಂದರೆ ಕೆಟ್ಟತನ ಒಳ್ಳೆಯತನಕ್ಕೆ ಸಲ್ಲಿಸುವ ಗೌರವ ಅಂತಲೂ ಅವರೇ ಹೇಳಿದರು. ಬೆಲೆಯಿಲ್ಲದ್ದರ ವೇಷವನ್ನು ಯಾರಾದರೂ ಸುಮ್ನೆ ಹಾಕುತ್ತಾರಾ?

ಬಸವಣ್ಣನವರ ವಚನವೊಂದು ನಮಗೆಲ್ಲ ಬಾಯಿಪಾಠ. ಬಾಯಿಪಾಠ ಆದದ್ದರಿಂದಲೇ ಅದರ ಒಳಗೆ ನಾವು ನಿಲ್ಲುವುದಿಲ್ಲ. ಕಳಬೇಡ, ಕೊಲಬೇಡ ಅಂತ ಶುರುವಾಗುವ ಸಾಲಿನಲ್ಲೇ "ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ" ಅಂತಲೂ ಬರುತ್ತದೆ. ಕಳ್ಳತನ, ಕೊಲೆಯ ಪಕ್ಕದಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದನ್ನೂ ತಂದು ಕೂರಿಸಿದ್ದಾರೆ. ಕೊನೆಯ ಎರಡು ಅಕ್ಕಪಕ್ಕ ಇರುವುದನ್ನೂ ಗಮನಿಸಿ. ಇನ್ನೊಬ್ಬರನ್ನು ಹಳಿಯುವಾಗ ನಾವು ನಮ್ಮ ಹೆಸರನ್ನೇ ಎತ್ತುವುದಿಲ್ಲ. "ಅವನಿಗೆ ಸಮಯಪ್ರಜ್ಞೆಯೇ ಇಲ್ಲ" ಅಂದರೆ ಮುಗಿಯಿತು, ನನಗೆ ಇದೆ ಅಂತ ಕೇಳಿದವರಿಗೆ ತಾನಾಗಿ ತಿಳಿಯುತ್ತದೆ.

ನನ್ನ ತಾಯಿ ಚೆನ್ನಾಗಿ ಬಟ್ಟೆ ಹೊಲಿಯುತ್ತಿದ್ದರು. ಯಾರಾದರೂ ಹೊಗಳಿದರೆ ಅಲ್ಲಗಳೆಯುತ್ತಿರಲಿಲ್ಲ, ಉಬ್ಬುತ್ತಲೂ ಇರಲಿಲ್ಲ. "ಹೌದಾ? ಖುಷಿ ಆಯ್ತು" ಅನ್ನುತ್ತಿದ್ದರು. ಆಮೇಲೆ ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದರು.