ಬೆನ್ನ ಹಿಂದಿನ ದೆವ್ವ: ಮಾರಿಯೋ ಆಟಗಳ ‘ಬೂ’ ಕುರಿತು

ಮಾನ್ಯ ಅಧ್ಯಕ್ಷರೆ, ವಿಜಯಪುರದ ಸಭಿಕರೆ, ವಿಡಿಯೋ ಗೇಮ್ ರಚಿಸುವ ಹಂಬಲದಿಂದ ಇಲ್ಲಿಗೆ ಬಂದಿರುವ ವಿದ್ಯಾರ್ಥಿಗಳೆ,

ಇಂದು ನಾನು ಮಾತನಾಡಲಿರುವುದು ಒಂದೇ ಒಂದು ಪಾತ್ರದ ಬಗ್ಗೆ. ನಿಂಟೆಂಡೋ ಕಂಪನಿಯ ‘ಸೂಪರ್ ಮಾರಿಯೋ ಬ್ರದರ್ಸ್ 3’ ಜಪಾನಿನಲ್ಲಿ 1988ರಲ್ಲಿ ಬಿಡುಗಡೆಯಾದಾಗ ಅದರ ಕೋಟೆಗಳೊಳಗೆ ಮೊದಲ ಬಾರಿಗೆ ಕಾಣಿಸಿಕೊಂಡ, ದುಂಡನೆಯ ಬಿಳಿ ಮೈಯ ‘ಬೂ’ ಎಂಬ ದೆವ್ವ ಅದು. ಆಟಗಾರ ನಡೆಸುವ ನಾಯಕ ಮಾರಿಯೋ ಬೆನ್ನು ಮಾಡಿದೊಡನೆ ಅದು ನಿಧಾನವಾಗಿ ಬೆನ್ನಟ್ಟಿ ಬರುತ್ತದೆ; ಅವನು ಅದರತ್ತ ಮುಖ ತಿರುಗಿಸಿದರೆ ಕೈಗಳಿಂದ ಮುಖ ಮುಚ್ಚಿಕೊಂಡು ಗಾಳಿಯಲ್ಲೇ ನಿಂತುಬಿಡುತ್ತದೆ. ಅದರ ನಡತೆಯೆಲ್ಲ ಇಷ್ಟೇ. ಆದರೆ ಬೂ ಹುಟ್ಟಿಸುವ ಭಯ ಅದರ ಚಿತ್ರದಲ್ಲಿಲ್ಲ, ಈ ನಿಯಮದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ಲಾಟ್‌ಫಾರ್ಮ್ ಆಟದಲ್ಲಿ, ಅಂದರೆ ಓಡುತ್ತ ಜಿಗಿಯುತ್ತ ಮುಂದೆ ಸಾಗುವ ಆಟದಲ್ಲಿ, ಆಟಗಾರ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಸಾಗುತ್ತಾನೆ. ಗೂಂಬಾದಂಥ ಶತ್ರುಗಳು ಎದುರಿನಿಂದ ಬರುತ್ತವೆ, ಅವುಗಳನ್ನು ತುಳಿದು ಮುಂದೆ ಹೋದರಾಯಿತು. ಬೂವನ್ನು ಹೀಗೆ ತುಳಿಯಲಾಗದು, ಬೆಂಕಿಯುಂಡೆಯೂ ಅದಕ್ಕೆ ನಾಟದು, ಗೋಡೆಗಳು ಅದಕ್ಕೆ ಅಡ್ಡಿಯಲ್ಲ. ಗುರಿ ಬಲಕ್ಕಿದ್ದು ಬೂ ಎಡಕ್ಕಿದ್ದರೆ ಮುಂದಿಡುವ ಪ್ರತಿ ಹೆಜ್ಜೆಯೂ ಅದನ್ನು ಹತ್ತಿರಕ್ಕೆ ಕರೆಯುತ್ತದೆ. ತಿರುಗಿ ನೋಡಿದರೆ ಓಟದ ವೇಗ ಹೋಗುತ್ತದೆ; ನೋಡುತ್ತಲೇ ನಿಲ್ಲೋಣವೆಂದರೆ ಪರದೆಯ ಮೇಲಿನ ಸಮಯ ಇಳಿಯುತ್ತಲೇ ಇರುತ್ತದೆ. ಎರಡೂ ಕಡೆಯಿಂದ ಒಂದೊಂದು ಬೂ ಬಂದಾಗಲಂತೂ, ಒಂದನ್ನು ತಡೆಯುವ ನೋಟವೇ ಇನ್ನೊಂದನ್ನು ಬಿಟ್ಟುಕೊಡುತ್ತದೆ.

ಇಷ್ಟು ಪರಿಣಾಮಕ್ಕೆ ತಗಲುವ ಪ್ರೋಗ್ರಾಮಿಂಗ್ ಬಹಳ ಕಡಿಮೆ. ಮಾರಿಯೋ ಯಾವ ಕಡೆಗೆ ಮುಖ ಮಾಡಿದ್ದಾನೆ, ಬೂ ಅವನ ಯಾವ ಬದಿಗಿದೆ ಎಂಬ ಎರಡು ಸಂಗತಿಗಳನ್ನು ಹೋಲಿಸಿದರೆ ಸಾಕು. ಗೋಡೆಯನ್ನು ದಾಟುವ ಶಕ್ತಿಯೂ ವಾಸ್ತವದಲ್ಲಿ ಒಂದು ಉಳಿತಾಯವೇ. ಉಳಿದ ಶತ್ರುಗಳಿಗೆ ಮಾಡಬೇಕಾದ, ಗೋಡೆಗೆ ತಾಗಿತೇ ಎಂದು ನೋಡುವ ಡಿಕ್ಕಿಯ ಪರೀಕ್ಷೆಯನ್ನು ಇಲ್ಲಿ ಬಿಟ್ಟುಬಿಡಬಹುದು. ಕಡಿಮೆ ಸಾಮರ್ಥ್ಯದ ಯಂತ್ರಗಳ ಮೇಲೆ ದುಡಿದ ರಚನಕಾರರ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೂ ಪರದೆಯ ಮೇಲೆ ಇದ್ದಷ್ಟು ಹೊತ್ತು ಆಟಗಾರನಿಗೆ ಅದು ಕಾಣುತ್ತಲೇ ಇರುತ್ತದೆ. ಕಾಣದಿರುವುದು ಬೆನ್ನು ಮಾಡಿರುವ ಮಾರಿಯೋಗೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಮತ್ತು ಅವನನ್ನು ನಡೆಸುತ್ತಿರುವ ಬೆರಳು ನಮ್ಮದೇ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡಬಾರದೆಂದು ಹಿರಿಯರು ಎಚ್ಚರಿಸುತ್ತಾರೆ. ಆ ಮಾತು ಕೇಳಿ ಬೆಳೆದ ಹುಡುಗ ಈ ಆಟದಲ್ಲಿ ತಿರುಗಿ ನೋಡುವುದನ್ನೇ ರಕ್ಷಣೆಯೆಂದು ಕಲಿಯಬೇಕಾಗುತ್ತದೆ.

1990ರ ‘ಸೂಪರ್ ಮಾರಿಯೋ ವರ್ಲ್ಡ್’ ದೆವ್ವದ ಮನೆಗಳನ್ನೇ ಕಟ್ಟಿತು. ಅಲ್ಲಿನ ಒಂದು ಬಗೆಯ ಬೂ, ಮಾರಿಯೋ ನೋಡಿದಾಗ ಇಟ್ಟಿಗೆಯಾಗಿ ಮಾರ್ಪಡುತ್ತದೆ, ಅದರ ಮೇಲೆ ಹತ್ತಿ ನಿಲ್ಲಬಹುದು. ಹೀಗೆ ನೋಟವು ಶತ್ರುವನ್ನೇ ಮೆಟ್ಟಿಲಾಗಿಸುತ್ತದೆ. 1996ರ ‘ಸೂಪರ್ ಮಾರಿಯೋ 64’ ಮೂರು ಆಯಾಮಗಳಿಗೆ ಬಂದಾಗ ಮಾರಿಯೋ ನೋಡಿದೊಡನೆ ಬೂ ಪಾರದರ್ಶಕವಾಗಿ, ಹೊಡೆತಕ್ಕೆ ಸಿಗದಂತಾಯಿತು. ಅದನ್ನು ಸೋಲಿಸಬೇಕಾದವನು ಮೊದಲು ತಾನಾಗಿಯೇ ಬೆನ್ನು ಕೊಟ್ಟು ಅದು ಸಮೀಪಿಸುವವರೆಗೆ ಕಾಯಬೇಕು. ಈ ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ಧೈರ್ಯದ ಬದಲಾವಣೆಯಾಗಿ ಕಾಣುವುದು ಇದೇ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆಯಿದೆ. ಬೂವಿನ ಚಿತ್ರವನ್ನು ನಕಲು ಮಾಡಬೇಡಿ. ನಿಯಮ ಕಟ್ಟುವ ಅದರ ಬಗೆಯನ್ನು ನಮ್ಮ ಗೋಲಗುಮ್ಮಟದೊಳಗೆ ತನ್ನಿ. ಅಲ್ಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಕಡೆ ಮೆಲ್ಲನೆ ಆಡಿದ ಮಾತು ಎದುರು ಬದಿಗೆ ಸ್ಪಷ್ಟವಾಗಿ ಕೇಳುತ್ತದೆ, ಒಂದು ಚಪ್ಪಾಳೆ ಹಲವು ಬಾರಿ ಮರುದನಿಸುತ್ತದೆ. ನೋಟದ ಬದಲು ಸದ್ದಿಗೆ ಎಚ್ಚರಗೊಳ್ಳುವ ದೆವ್ವವೊಂದು ಅಲ್ಲಿದ್ದರೆ, ಆಟಗಾರ ಓಡಿದಾಗ ಅದು ಹೆಜ್ಜೆಯ ಮೂಲ ಸಪ್ಪಳದತ್ತ ಬರಬೇಕೇ ಅಥವಾ ಎದುರು ಗೋಡೆಯಿಂದ ಮರಳುವ ದನಿಯತ್ತ ಹೋಗಬೇಕೇ ಎಂಬುದನ್ನು, ಕಂಪ್ಯೂಟರ್ ಮುಟ್ಟುವ ಮೊದಲು, ಕಾಗದದ ಮೇಲೆ ತೀರ್ಮಾನಿಸಿಕೊಂಡು ಬನ್ನಿ.