ಸಭೆ ಎಷ್ಟು ಗಂಟೆಗೆ?

ಹೆಣ್ಣುಮಕ್ಕಳ ಸಬಲೀಕರಣ ಅಂತ ಯಾರಾದರೂ ಹೊಸ ಯೋಜನೆ ಹಿಡಿದುಕೊಂಡು ಬಂದರೆ, ನಾನು ಮೊದಲು ಬಜೆಟ್ ಕೇಳುವುದಿಲ್ಲ. ಎಷ್ಟು ಜನರಿಗೆ ತಲುಪುತ್ತದೆ ಅಂತಲೂ ಕೇಳುವುದಿಲ್ಲ. ಸಭೆ ಎಷ್ಟು ಗಂಟೆಗೆ ಇಟ್ಟಿದ್ದೀರಿ? ಇಷ್ಟೇ ನನ್ನ ಪ್ರಶ್ನೆ.

ನಗಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಅಂದರೆ ಕೂಲಿಗೆ ಹೋಗುವವಳು ಬರುವುದಿಲ್ಲ. ಬಂದರೆ ಆ ದಿನದ ಕೂಲಿ ಹೋಯಿತು. ಸಂಜೆ ಆರಕ್ಕೆ ಅಂದರೆ ಅಡುಗೆ ಮಾಡುವ ಹೊತ್ತು. ರಾತ್ರಿ ಎಂಟಕ್ಕೆ ಅಂದರೆ ಕತ್ತಲಲ್ಲಿ ಒಬ್ಬಳೇ ವಾಪಸ್ ಹೋಗುವುದು ಹೇಗೆ? ಕೊನೆಗೆ ಬಂದು ಕೂರುವವರು ಸ್ವಲ್ಪ ಅನುಕೂಲ ಇರುವ ಹೆಂಗಸರು. ಮನೆಗೆಲಸಕ್ಕೆ ಇನ್ನೊಂದು ಜೊತೆ ಕೈ ಇರುವವರು. ಹಾಜರಿ ಪುಸ್ತಕ ತುಂಬುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಯಾರಿಗಾಗಿ ಇಷ್ಟೆಲ್ಲಾ ಮಾಡಿದ್ದೋ ಅವಳು ಮಾತ್ರ ಆ ಫೋಟೊದಲ್ಲಿ ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಮ್ಮ ಹೇಗೋ ಹೊಂದಿಸಿಕೊಂಡು ಹೊಲಿಗೆ ತರಬೇತಿಗೆ ಬಂದಳು ಅಂದುಕೊಳ್ಳಿ. ಎರಡು ವರ್ಷದ ಮಗು ಎಲ್ಲಿ? ಮನೆಯಲ್ಲಿ. ನೋಡಿಕೊಳ್ಳುವವರು ಯಾರು? ಹನ್ನೊಂದು ವರ್ಷದ ಅಕ್ಕ. ಅವತ್ತು ಅವಳು ಶಾಲೆಗೆ ಹೋಗಲಿಲ್ಲ. ಅಮ್ಮನ ಸಬಲೀಕರಣದ ಬಿಲ್ಲು ಮಗಳ ಹೆಸರಿಗೆ ಬಂತು. ಈ ಲೆಕ್ಕ ಎಲ್ಲೂ ದಾಖಲಾಗುವುದಿಲ್ಲ. ಯಾಕೆಂದರೆ ತಾಯಂದಿರ ಫೈಲು ಬೇರೆ, ಶಾಲೆಗೆ ಹೋಗುವ ಹುಡುಗಿಯರ ಫೈಲು ಬೇರೆ.

ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಕಟ್ಟಿದ 'ಸೇವಾ' ಸಂಘಟನೆ ಇದನ್ನು ಅರ್ಥ ಮಾಡಿಕೊಂಡಿತ್ತು. ತಲೆಹೊರೆ ಹೊರುವವರು, ಬೀದಿಯಲ್ಲಿ ತರಕಾರಿ ಮಾರುವವರು, ಮನೆಯಲ್ಲೇ ಬೀಡಿ ಕಟ್ಟುವವರ ಸಂಘ ಅದು. 1974ರಲ್ಲಿ ತಮ್ಮದೇ ಬ್ಯಾಂಕ್ ತೆರೆದರು. ಅದನ್ನು ಎಲ್ಲರೂ ಹೇಳುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳನ್ನೂ ನಡೆಸಿದರು ಅನ್ನುವುದು ಅಷ್ಟು ಸುದ್ದಿಯಾಗುವುದಿಲ್ಲ. ನನ್ನ ಪ್ರಕಾರ ಅದೂ ಬ್ಯಾಂಕಿನಷ್ಟೇ ದೊಡ್ಡ ಕೆಲಸ.

ನಾನು ಹೇಳಬೇಕೆಂದಿರುವುದು ಇದು: ಬಡ ಹೆಣ್ಣಿಗೆ ಮೊದಲು ಬೇಕಾಗಿರುವುದು ಬಿಡುವು. ಆಮೇಲೆ ತರಬೇತಿ, ಆಮೇಲೆ ಸಾಲ, ಆಮೇಲೆ ಭಾಷಣ. ನಾವು ಉಲ್ಟಾ ಮಾಡುತ್ತಿದ್ದೇವೆ. ಈಗಾಗಲೇ ಕೂಲಿ, ಮನೆ ಅಂತ ಎರಡು ಪಾಳಿ ದುಡಿಯುವವಳಿಗೆ ಸಬಲೀಕರಣ ಅಂತ ಮೂರನೇ ಪಾಳಿ ಹಚ್ಚುತ್ತಿದ್ದೇವೆ. ಮೇಲಿಂದ ಅವಳಿಗೆ 'ಫಲಾನುಭವಿ' ಅಂತ ಹೆಸರು ಬೇರೆ!

ನೀರಿನ ವಿಷಯ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಒಂದು ವರದಿ ಕೊಟ್ಟವು. ಅದರ ಪ್ರಕಾರ ಜಗತ್ತಿನಲ್ಲಿ 180 ಕೋಟಿ ಜನರ ಮನೆ ಆವರಣದಲ್ಲಿ ಆಗ ನೀರಿರಲಿಲ್ಲ. ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವ ಹೊಣೆ ಹೆಂಗಸರದ್ದು, ಹುಡುಗಿಯರದ್ದು ಆಗಿತ್ತು. ಒಂದು ನಲ್ಲಿ ಮನೆ ಹತ್ತಿರ ಬಂದರೆ ದಿನಕ್ಕೆ ಎಷ್ಟು ಹೊತ್ತು ಉಳಿಯುತ್ತದೆ, ನೀವೇ ಯೋಚಿಸಿ. ಆದರೆ ನಮ್ಮ ತಲೆಯಲ್ಲಿ ನಲ್ಲಿ ಅಂದರೆ ಎಂಜಿನಿಯರ್ ಕೆಲಸ, ಸಬಲೀಕರಣ ಅಂದರೆ ಶಿಬಿರ.

ಅಧಿಕಾರ ಕೈಗೆ ಬಂದಾಗ ಹೆಂಗಸರು ಏನು ಮಾಡಿದರು ಗೊತ್ತಾ? 1993ರಲ್ಲಿ ಸಂವಿಧಾನ ತಿದ್ದುಪಡಿಯಾಗಿ ಪಂಚಾಯಿತಿ ಮುಖ್ಯಸ್ಥರ ಸ್ಥಾನಗಳಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಯಿತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅನ್ನುವ ಸಂಶೋಧಕರು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಇದರ ಪರಿಣಾಮ ನೋಡಿದರು. 2004ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಎರಡೂ ಕಡೆ, ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಜಾಸ್ತಿ ಖರ್ಚಾಗಿತ್ತು. ಕೊಡ ಹೊತ್ತವರಿಗೆ ಅದರ ಭಾರ ಗೊತ್ತು, ಅಲ್ವಾ?

ಹುಡುಗಿಯರ ವಿಷಯದಲ್ಲೂ ಅಷ್ಟೇ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದಾಗ, ಪ್ರೌಢಶಾಲೆಗೆ ಸೇರುವುದರಲ್ಲಿ ಹುಡುಗ ಹುಡುಗಿಯರ ನಡುವೆ ಇದ್ದ ಅಂತರ ಶೇಕಡಾ 40ರಷ್ಟು ಇಳಿದಿತ್ತು. ಶಾಲೆ ದೂರ ಇದ್ದ ಊರುಗಳಲ್ಲೇ ಲಾಭ ಜಾಸ್ತಿ. ಆ ಮನೆಗಳಲ್ಲಿ ಮಗಳು ಓದಬಾರದು ಅಂತ ಯಾರೂ ಹಟ ಹಿಡಿದಿರಲಿಕ್ಕಿಲ್ಲ. ದಾರಿ ದೂರ ಇತ್ತು, ಅಷ್ಟೇ.

ಇನ್ನು ಸಾಲ. ಇಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಸಣ್ಣ ಸಾಲದಿಂದ ಬದುಕು ಕಟ್ಟಿಕೊಂಡವರು ಇದ್ದಾರೆ, ನಿಜ. ಬಡ್ಡಿಯವರ ಕಾಟ ತಪ್ಪಿದ್ದೂ ನಿಜ. ಆದರೆ ಸಾಲ ಕೊಟ್ಟ ಕೂಡಲೇ ಹೆಣ್ಣು ಗೆದ್ದಳು ಅನ್ನುವುದು ಸುಮ್ನೆ ಮಾತು. ಬಾಂಗ್ಲಾದೇಶದ ಬಗ್ಗೆ 1996ರಲ್ಲೇ ಒಂದು ಅಧ್ಯಯನ ಬಂದಿತ್ತು. ಸಹಿ ಹೆಂಡತಿಯದ್ದು, ಹಣ ಗಂಡನ ಅಥವಾ ಮಗನ ಕೈಯಲ್ಲಿ: ಬಹಳಷ್ಟು ಸಾಲಗಳ ಕಥೆ ಹೀಗಿತ್ತು. ಮತ್ತೆ 2015ರಲ್ಲಿ ಭಾರತ, ಮೊರಾಕೊ, ಇಥಿಯೋಪಿಯಾ ಸೇರಿ ಆರು ದೇಶಗಳಲ್ಲಿ ಸಣ್ಣ ಸಾಲದ ಬಗ್ಗೆ ನಡೆದ ಅಧ್ಯಯನಗಳು ಒಟ್ಟಿಗೆ ಬಂದವು. ಅನುಕೂಲ ಸ್ವಲ್ಪ ಆಗಿತ್ತು, ಬದುಕೇ ಬದಲಾಗುವಷ್ಟು ಆಗಿರಲಿಲ್ಲ. ಕಂತು ಕಟ್ಟುವ ತಲೆಬಿಸಿ ಮಾತ್ರ ಪೂರ್ತಿ ಅವಳದ್ದೇ.

ಹಾಗಾದರೆ ಹೆಂಗಸರ ಸಂಘವೇ ಬೇಡವಾ? ಬೇಕು. 1989ರಲ್ಲಿ ಕರ್ನಾಟಕ, ಉತ್ತರ ಪ್ರದೇಶ, ಗುಜರಾತಿನಲ್ಲಿ ಮಹಿಳಾ ಸಮಾಖ್ಯಾ ಅನ್ನುವ ಸರ್ಕಾರಿ ಕಾರ್ಯಕ್ರಮ ಹಳ್ಳಿ ಹೆಂಗಸರ ಸಂಘ ಕಟ್ಟಲು ಶುರುವಾದಾಗ ಕೊಡಲು ಅವರ ಹತ್ತಿರ ಸಾಲವೂ ಇರಲಿಲ್ಲ, ಸಬ್ಸಿಡಿಯೂ ಇರಲಿಲ್ಲ. ಏನು ಮಾತಾಡಬೇಕು, ಯಾವ ವೇಗದಲ್ಲಿ ಹೋಗಬೇಕು ಅನ್ನುವುದನ್ನು ಸಂಘದ ಹೆಂಗಸರಿಗೇ ಬಿಟ್ಟಿದ್ದರು. ಗುರಿ ಮುಟ್ಟಿಸಿ ಅಂತ ತಿಂಗಳ ಕೊನೆಗೆ ಒತ್ತಡ ಹಾಕುವ ಈಗಿನ ಕಾಲಕ್ಕೆ ಇದು ವಿಚಿತ್ರವಾಗಿ ಕಾಣಬಹುದು.

ಸಮುದಾಯದ ಕೆಲಸದಲ್ಲಿ ಇರುವವರಿಗೆ ಒಂದು ಹಳೆಯ ಆಟ ಗೊತ್ತಿರುತ್ತದೆ. ನೆಲದ ಮೇಲೆ ದೊಡ್ಡ ಗಡಿಯಾರ ಬರೆಯುವುದು, 24 ಗಂಟೆಯದ್ದು. ಏಳುವುದರಿಂದ ಮಲಗುವವರೆಗೆ ಯಾವ ಹೊತ್ತಿಗೆ ಏನು ಕೆಲಸ ಅಂತ ಹೆಂಗಸರು ತಾವೇ ತುಂಬುತ್ತಾರೆ. ಗುಂಪು ಕಟ್ಟುವ ಮೊದಲು, ಫಾರಂ ತುಂಬಿಸುವ ಮೊದಲು ಇದನ್ನು ಮಾಡಿ. ಹುಡುಗಿಯರದ್ದು ಬೇರೆ ಬರೆಸಿ. ಆಮೇಲೆ ಗಂಡಸರನ್ನು ಕರೆದು, ಪಕ್ಕದಲ್ಲೇ ಅವರದ್ದೂ ಒಂದು ಬರೆಸಿ. ಮೂರೂ ಗಡಿಯಾರಗಳ ಸುತ್ತ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಲಿ. ಸಭೆ ಎಷ್ಟು ಗಂಟೆಗೆ ಅನ್ನುವುದನ್ನು ಆಮೇಲೆ ಮಾತಾಡೋಣ.