ಬ್ರಾಗಾದ ಅಡುಗೆಮನೆಯಲ್ಲಿ ಇಂಗ್ಲಿಷ್ ವಾರಗಳು

ನಮಸ್ಕಾರ. ನೀವೀಗ ನೋಡುತ್ತಿರುವುದು ಉತ್ತರ ಪೋರ್ಚುಗಲ್‌ನ ಬ್ರಾಗಾ ನಗರದಲ್ಲಿ ನಮ್ಮ ಪಕ್ಕದ ಮನೆಯ ಅಡುಗೆಮನೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ವಾರದ ಹೆಸರಿನ ಕೆಳಗೆ ಪೆನ್ಸಿಲಿನಿಂದ ಇಂಗ್ಲಿಷ್ ಹೆಸರನ್ನು ಬರೆದವರು ಈ ಮನೆಯ ಹಿರಿಯರು. ಮಗಳು ಲಂಡನ್ನಿನಲ್ಲಿ ನೆಲೆಸಿದ್ದಾರೆ. ಅಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳೊಡನೆ ಅವರ ಮಾತಿನಲ್ಲೇ ಮಾತನಾಡಬೇಕೆಂಬ ಆಸೆಯಿಂದ ಇವರು ವಾರಕ್ಕೆ ಎರಡು ಸಂಜೆ ನನ್ನ ಬಳಿ ಇಂಗ್ಲಿಷ್ ಕಲಿಯುತ್ತಿದ್ದಾರೆ.

ಮೊದಲ ತೊಡಕು ಎದುರಾದದ್ದೇ ವಾರಗಳಲ್ಲಿ. ಗುರುವಾರ ಕರೆ ಮಾಡುತ್ತೇನೆಂದು ಮಗಳ ಮನೆಗೆ ತಿಳಿಸಬೇಕಾಗಿದ್ದವರು ಇಂಗ್ಲಿಷಿನಲ್ಲಿ 'ಫ್ರೈಡೇ' ಎಂದು ಬರೆದು ಕಳುಹಿಸಿದ್ದರು. ಇದು ಮರೆವಿನಿಂದಾದ ತಪ್ಪಲ್ಲ. ಪೋರ್ಚುಗೀಸಿನಲ್ಲಿ ಭಾನುವಾರವನ್ನು ಮೊದಲನೆಯದೆಂದು ಹಿಡಿದು ಸೋಮವಾರವನ್ನು 'ಸೆಗುಂದ ಫೇಯ್ರ', ಅಂದರೆ ಎರಡನೆಯದು ಎನ್ನುತ್ತಾರೆ. ಅದೇ ಲೆಕ್ಕದಲ್ಲಿ ಗುರುವಾರ 'ಕಿಂತ ಫೇಯ್ರ', ಐದನೆಯದು. ಇಂಗ್ಲಿಷ್ ಪಠ್ಯಪುಸ್ತಕದ ಪಟ್ಟಿಯೋ ಸೋಮವಾರದಿಂದ ಆರಂಭವಾಗಿತ್ತು. ಅದರಲ್ಲಿ ಐದನೆಯ ಹೆಸರನ್ನು ಎಣಿಸಿ ತೆಗೆದರೆ ಸಿಗುವುದು ಫ್ರೈಡೇ.

ಹೀಗೆ ಸಂಖ್ಯೆಗಳಿಂದ ವಾರಗಳನ್ನು ಕರೆಯುವ ಪದ್ಧತಿಯನ್ನು, ಆರನೆಯ ಶತಮಾನದಲ್ಲಿ ಇದೇ ಬ್ರಾಗಾದ ಬಿಷಪ್ ಆಗಿದ್ದ ಮಾರ್ಟಿನ್ಯು ಅವರೊಂದಿಗೆ ಜೋಡಿಸಿ ಹೇಳುವುದುಂಟು. ರೋಮನ್ ದೇವತೆಗಳ ಹೆಸರಿನಿಂದ ದಿನಗಳನ್ನು ಕರೆಯುವುದು ಕ್ರೈಸ್ತರಿಗೆ ತಕ್ಕುದಲ್ಲವೆಂದು ಅವರು ವಾದಿಸಿದ್ದರು. ನೆರೆಯ ಸ್ಪ್ಯಾನಿಷ್ ಭಾಷೆ ಆ ಹಳೆಯ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿದೆ, ಪೋರ್ಚುಗೀಸ್ ಬಿಟ್ಟುಕೊಟ್ಟಿದೆ.

ಇಲ್ಲಿ ನನ್ನ ನೆರವಿಗೆ ಬಂದದ್ದು ಕನ್ನಡ. ಮಂಡೇ ಚಂದ್ರನ ದಿನ, ನಮ್ಮ ಸೋಮವಾರವೂ ಚಂದ್ರನದೇ. ಟ್ಯೂಸ್‌ಡೇಯ ಟಿವ್ ಇಂಗ್ಲಿಷರ ಪೂರ್ವಜರ ಯುದ್ಧದೇವತೆಯಾದ್ದರಿಂದ ಅವನನ್ನು ಮಂಗಳ ಗ್ರಹದ ದೇವತೆ ಮಾರ್ಸ್‌ಗೆ ಸಮನಾಗಿ ಇಟ್ಟರು. ಹಾಗೆಯೇ ವೆನ್ಸ್‌ಡೇಯ ವೋಡನ್ ಬುಧನ ಸ್ಥಾನಕ್ಕೂ, ಥರ್ಸ್‌ಡೇಯ ಗುಡುಗಿನ ದೇವತೆ ಥಾರ್ ಗುರುವಿನ ಸ್ಥಾನಕ್ಕೂ, ಫ್ರೈಡೇಯ ದೇವಿ ಫ್ರಿಗ್ ಶುಕ್ರನ ಸ್ಥಾನಕ್ಕೂ ಬಂದರು. ಶನಿಯಂತೂ ಸ್ಯಾಟರ್ನ್ ಆಗಿಯೇ ಉಳಿದಿದ್ದಾನೆ. ಎಣಿಸುವುದನ್ನು ಬಿಟ್ಟು ಒಂದೊಂದು ದಿನಕ್ಕೂ ಒಬ್ಬೊಬ್ಬ ಒಡೆಯನಿದ್ದಾನೆಂದು ಭಾವಿಸಿ ಎಂದು ನಾನು ಹೇಳಿದ ಮೇಲೆ, ಅವರು ಕ್ಯಾಲೆಂಡರಿನ ಪ್ರತಿ ಗುರುವಾರದ ಪಕ್ಕದಲ್ಲಿ ಸಣ್ಣದೊಂದು ಮಿಂಚನ್ನು ಬಿಡಿಸಿಟ್ಟರು. ಅದು ನಿಮಗೂ ಕಾಣುತ್ತಿರಬಹುದು.

ತಿಂಗಳುಗಳು ಕಷ್ಟವಾಗಲಿಲ್ಲ, ಎರಡೂ ಭಾಷೆಗಳ ಹೆಸರುಗಳು ಲ್ಯಾಟಿನ್ ಮೂಲದವೇ. ಆದರೆ ಪೋರ್ಚುಗೀಸಿನಲ್ಲಿ 'ಎಂ' ಎಂಬ ಒಂದೇ ಪದ ವಾರಕ್ಕೂ ತಿಂಗಳಿಗೂ ಸಾಲುತ್ತದೆ. ಇಂಗ್ಲಿಷಿನಲ್ಲಿ ಸೋಮವಾರಕ್ಕೆ 'ಆನ್', ಮಾರ್ಚ್‌ಗೆ 'ಇನ್', ಐದು ಗಂಟೆಗೆ 'ಅಟ್' ಎಂದು ಬೇರೆ ಬೇರೆಯಾಗಿ ಹೇಳಬೇಕು. ಇದಕ್ಕೆ ಅಭ್ಯಾಸವೊಂದೇ ದಾರಿ.

ಗಡಿಯಾರದ ಪಾಠ ನನಗೇ ಹೆಚ್ಚು ಕಲಿಸಿತು. ಪೋರ್ಚುಗೀಸಿನಲ್ಲಿ ಒಂದು ಗಂಟೆಗೆ ಏಕವಚನ, ಎರಡರಿಂದ ಮುಂದಕ್ಕೆ ಬಹುವಚನ. ಆದ್ದರಿಂದ ಅವರು ಇಂಗ್ಲಿಷಿನಲ್ಲೂ 'ಆರ್ ತ್ರೀ ಓಕ್ಲಾಕ್' ಎನ್ನುತ್ತಿದ್ದರು. ಗಂಟೆ ಎಷ್ಟೇ ಆಗಿರಲಿ, 'ಇಟ್ ಈಸ್' ಎಂದೇ ಆರಂಭಿಸಬೇಕೆಂದು ಎಷ್ಟೋ ಬಾರಿ ಹೇಳಿಕೊಡಬೇಕಾಯಿತು. ಮೂರೂವರೆಗೆ ಅವರಲ್ಲಿ 'ತ್ರೇಸ್ ಇ ಮೇಯ', ನಮ್ಮಂತೆಯೇ ಮೂರರ ಮೇಲೆ ಅರ್ಧ. ಇಂಗ್ಲಿಷ್ ಅರ್ಧವನ್ನು ಮುಂದಿಟ್ಟು 'ಹಾಫ್ ಪಾಸ್ಟ್ ತ್ರೀ' ಎನ್ನುತ್ತದೆ, ಬ್ರಿಟನ್ನಿನ ಆಡುಮಾತಿನಲ್ಲಿ ಬರಿಯ 'ಹಾಫ್ ತ್ರೀ'. ಆದರೆ ಮೂರೂಮುಕ್ಕಾಲಿಗೆ ಬಂದಾಗ ನಾವು ಕಳೆದ ಮೂರನ್ನೇ ಹಿಡಿದು ಲೆಕ್ಕ ಹಾಕಿದರೆ, ಅವರೂ ಇಂಗ್ಲಿಷರೂ ಬರಲಿರುವ ನಾಲ್ಕರಿಂದ ಕಾಲು ಗಂಟೆಯನ್ನು ಕಳೆಯುತ್ತಾರೆ. 'ಕ್ವಾರ್ಟರ್ ಟು ಫೋರ್' ಎಂಬುದನ್ನು ಅವರು ಒಂದೇ ಸಲಕ್ಕೆ ಹೇಳಿದ ಸಂತೋಷವನ್ನು ನಾನು ಮರೆಯಲಾರೆ.

ಇನ್ನೊಂದು ಮಾತು. ಎರಡು ವಾರಕ್ಕೆ ಅವರು 'ಕಿಂಜ್ ದೀಯಸ್', ಅಂದರೆ 15 ದಿನ ಎನ್ನುತ್ತಾರೆ. ನಾವೂ ಹದಿನೈದು ದಿನ ಎನ್ನುತ್ತೇವೆ. ಇಂಗ್ಲಿಷಿನ 'ಫೋರ್ಟ್‌ನೈಟ್' ಮಾತ್ರ 14 ರಾತ್ರಿಗಳ ಲೆಕ್ಕ. ಮೊಮ್ಮಕ್ಕಳು ಬರಲು ಇನ್ನು ಒಂದು ಫೋರ್ಟ್‌ನೈಟ್ ಇದೆಯೆಂದು ಅವರು ಇವತ್ತು ಹೇಳಿದರು, ಮತ್ತು ಆ ಹದಿನಾಲ್ಕೂ ರಾತ್ರಿಗಳನ್ನು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ ತೋರಿಸಿದರು.